ನಾಲ್ಕು ಪೆಟ್ಟಿನ ಬೆರಗು

ಒಂದು, ಎರಡು, ಮೂರು, ನಾಲ್ಕು. ಮತ್ತೆ ಒಂದು. ಹೌಸ್ ಎಂಬ ಕುಣಿತದ ಸಂಗೀತದಲ್ಲಿ ಕಿಕ್ ಎಂಬ ದಪ್ಪ ದನಿಯ ಡ್ರಮ್ ಹೇಳುವುದು ಇಷ್ಟೇ. ನಿಮಿಷಕ್ಕೆ ಹೆಚ್ಚುಕಡಿಮೆ 120ರಿಂದ 128 ಪೆಟ್ಟು, ಎಲ್ಲವೂ ಒಂದೇ ತೂಕ. ಮೊದಲ ಸಲ ಕೇಳಿದವರು 'ಬರೀ ಒಂದೇ ಸದ್ದಲ್ಲವೇ' ಎನ್ನುವುದು ಸಹಜ. ಆದರೂ ಆ ಒಂದೇ ಸದ್ದಿಗೆ ಜಗತ್ತು ನಲವತ್ತು ವರ್ಷಗಳಿಂದ ಕುಣಿಯುತ್ತಿದೆ. ಬದಲಾಗದೇ ಇರುವುದರಿಂದ ಹೊಸತು ಹುಟ್ಟುವುದಾದರೂ ಹೇಗೆ? ಈ ಸಂಗೀತದತ್ತ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಈ ಪ್ರಶ್ನೆಯೇ.

ಹೊಸಬರು 2023ರಲ್ಲಿ ಬಂದ ಪೆಗ್ಗಿ ಗೂ ಅವರ '(ಇಟ್ ಗೋಸ್ ಲೈಕ್) ನಾನಾನಾ'ದಿಂದ ಶುರುಮಾಡಬಹುದು. ದಕ್ಷಿಣ ಕೊರಿಯಾದಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ಹೆಸರು ಮಾಡಿದ ಡಿಜೆ ಈಕೆ. ಒಳಗಿನ ಯಾವುದೋ ಭಾವವನ್ನು ಹೇಳಲು ಹೊರಟ ಹಾಡು ಮಾತು ಸಿಗದೆ 'ನಾನಾನಾ' ಎಂದುಬಿಡುತ್ತದೆ. ನಮ್ಮ ರಾಗಾಲಾಪನೆಯಲ್ಲಿ ಮಾತು ಹಿಂದೆ ಸರಿದಾಗ 'ತದರಿನ' ಮುಂದೆ ಬರುತ್ತದಲ್ಲ, ಹಾಗೆ. ಕೆಳಗೆ ಬೇಸ್ ಉರುಳುತ್ತಲೇ ಇರುತ್ತದೆ. ಹದಿನಾರು ಪೆಟ್ಟು ಕಳೆದ ಮೇಲೋ, ಮೂವತ್ತೆರಡು ಕಳೆದ ಮೇಲೋ ಒಂದು ಸಣ್ಣ ಸದ್ದು ಬಂದು ಸೇರಿಕೊಳ್ಳುತ್ತದೆ. ಬರಿಯ ಹೈ-ಹ್ಯಾಟ್, ಒಂದು ಚಪ್ಪಾಳೆ, ಅಷ್ಟೇ. ಆದರೆ ನೆಲ ಸಮವಾಗಿರುವುದರಿಂದ ಆ ಚಪ್ಪಾಳೆಯೇ ದೊಡ್ಡ ಘಟನೆಯಾಗುತ್ತದೆ.

ಅದಕ್ಕಿಂತ ದೊಡ್ಡ ವಿಸ್ಮಯ ಕಿಕ್ ನಿಂತಾಗ ಕಾದಿದೆ. ಫ್ರೆಡ್ ಅಗೇನ್ ಮತ್ತು ದ ಬ್ಲೆಸ್ಡ್ ಮಡೋನಾ ಅವರ 'ಮರೇಯಾ (ವೀವ್ ಲಾಸ್ಟ್ ಡ್ಯಾನ್ಸಿಂಗ್)' ಕೇಳಿ. ಕೋವಿಡ್‌ನಿಂದ ಕುಣಿತದ ಮನೆಗಳೆಲ್ಲ ಬೀಗ ಹಾಕಿಕೊಂಡಿದ್ದ ಕಾಲದಲ್ಲಿ, 2021ರಲ್ಲಿ ಬಂದ ಹಾಡು ಇದು. ಕುಣಿತವನ್ನೂ ಗೆಳೆಯರ ಅಪ್ಪುಗೆಯನ್ನೂ ಕಳೆದುಕೊಂಡೆವೆಂದು ಒಂದು ಹೆಣ್ಣುದನಿ ಮಾತಾಡುತ್ತದೆ. ಹಾಡಲ್ಲ, ಮಾತು. ನಡುವೆ ಪೆಟ್ಟು ಸರಿದುಹೋದಾಗಲೂ ಕೇಳುವವನ ಪಾದ ಎಣಿಕೆ ಬಿಡುವುದಿಲ್ಲ. ಯಾರೂ ಬಾರಿಸದ ತಾಳವನ್ನು ಮೈ ತಾನೇ ಹಿಡಿದುಕೊಂಡಿರುತ್ತದೆ. ಕಿಕ್ ಮರಳಿದಾಗ ಉಕ್ಕುವ ಸಂತೋಷಕ್ಕೆ ಕಾರಣ ಆ ಸದ್ದಲ್ಲ. ಅದನ್ನು ಅಷ್ಟು ಹೊತ್ತು ಕಾದುಕೊಂಡಿದ್ದು ನಾವೇ.

ಕಳೆದುಕೊಂಡು ಪಡೆಯುವುದು ಈ ಸಂಗೀತದ ಹುಟ್ಟುಗುಣ. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಸಂಗೀತವನ್ನು ಒಲ್ಲದವರು ಅದರ ರೆಕಾರ್ಡ್ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದರು. ಅದೇ ಊರಿನ ಜೆಫರ್ಸನ್ ಬೀದಿಯಲ್ಲಿ ದ ವೇರ್‌ಹೌಸ್ ಎಂಬ ಕ್ಲಬ್ಬಿತ್ತು. 1977ರಿಂದ ಅಲ್ಲಿ ತಟ್ಟೆ ತಿರುಗಿಸುತ್ತಿದ್ದವರು ಫ್ರಾಂಕಿ ನಕಲ್ಸ್. ಬೇರೆಡೆ ಬಾಗಿಲು ತೆರೆಯದ ಕಪ್ಪು ಮತ್ತು ಲ್ಯಾಟಿನೊ ಹುಡುಗರು, ಅವರಲ್ಲೂ ಹೆಚ್ಚಾಗಿ ಸಲಿಂಗಪ್ರೇಮಿಗಳು, ಬೆಳಗಿನವರೆಗೆ ಅಲ್ಲಿ ಕುಣಿಯುತ್ತಿದ್ದರು. ಊರು ಒಲ್ಲೆನೆಂದ ಡಿಸ್ಕೋದ ತುಣುಕುಗಳನ್ನು ನಕಲ್ಸ್ ಟೇಪಿನಲ್ಲಿ ಕತ್ತರಿಸಿ ಉದ್ದಕ್ಕೆ ಎಳೆದರು. ಮುಂದೆ ಅದರಡಿಗೆ ಡ್ರಮ್ ಮಷೀನನ್ನೂ ಹಾಸಿದರು. 'ಹೌಸ್' ಎಂಬ ಹೆಸರು ಆ ವೇರ್‌ಹೌಸಿನದೇ ತುಂಡು.

ಯಂತ್ರಗಳ ಕಥೆಯೂ ಇಂಥದ್ದೇ. ಬೇಸ್ ಗಿಟಾರಿನ ಬದಲಿಗೆಂದು ಜಪಾನಿನ ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ತಂದಿತು. ಬೇಸ್ ಗಿಟಾರಿನಂತೆ ಅದು ನುಡಿಯಲೇ ಇಲ್ಲ. ಮೂರೇ ವರ್ಷದಲ್ಲಿ ತಯಾರಿಕೆ ನಿಂತು, ಹಳೆಯ ಸಾಮಾನಿನ ಅಂಗಡಿಗಳಿಗೆ ಬಿತ್ತು. ಫ್ಯೂಚರ್ ಎಂಬ ಶಿಕಾಗೋದ ತಂಡದವರು ಅದರ ಗುಬುಟುಗಳನ್ನು ಮನಸ್ಸಿಗೆ ಬಂದಂತೆ ತಿರುವಿದಾಗ ಹೊರಟ ಕೀರಲು ನಾದವೇ 1987ರ 'ಆಸಿಡ್ ಟ್ರ್ಯಾಕ್ಸ್'. ಆದರೆ ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಇದೇ ಪೆಟ್ಟಿಗೆಯನ್ನೂ ಬಳಸಿ ಭೈರವ್, ಲಲಿತ್, ಮಾಲಕೌಂಸ್ ಸೇರಿ ಹತ್ತು ರಾಗ ನುಡಿಸಿ ತಟ್ಟೆ ಮಾಡಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ ಗುಣ ಆ ಯಂತ್ರಕ್ಕಿತ್ತು. ರಾಗಕ್ಕೆ ಬೇಕಾದದ್ದೂ ಅದೇ. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಹೌಸ್ ಬಲ್ಲವರು ದಂಗಾದರು. ತಯಾರಿಸಿದವರೇ ಕಾಣದ ನಾದವನ್ನು ದೂರದ ಎರಡು ಊರುಗಳ ಕೈಗಳು ಒಂದೇ ಪೆಟ್ಟಿಗೆಯಿಂದ ಹೊರತೆಗೆದವು. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಈಚಿನ ಹಾಡುಗಳಲ್ಲೂ ಆ ಹಳೆಯ ಉಸಿರಿದೆ. ಬಿಯಾನ್ಸೆಯ 'ಬ್ರೇಕ್ ಮೈ ಸೋಲ್' (2022) ಕೇಳುವಾಗ ಪುಟಿಯುವ ಆರ್ಗನ್ ನಾದಕ್ಕೆ ಕಿವಿಗೊಡಿ. 1990ರ ದಶಕದ ಆರಂಭದಲ್ಲಿ ರಾಬಿನ್ ಎಸ್ ಅವರ 'ಶೋ ಮಿ ಲವ್' ಮನೆಮಾತಾಗಿಸಿದ ನಾದವದು. ದಕ್ಷಿಣ ಆಫ್ರಿಕಾದ ಡಿಜೆ ಬ್ಲ್ಯಾಕ್ ಕಾಫಿ ಹದಿಹರೆಯದಲ್ಲಿ ಅಪಘಾತಕ್ಕೆ ಸಿಕ್ಕಿ ಎಡಗೈಯ ಬಲ ಕಳೆದುಕೊಂಡವರು. ಒಂದೇ ಕೈಯಲ್ಲಿ ಸಾವಿರಾರು ಜನರನ್ನು ಕುಣಿಸುವ ಇವರ ಆಲ್ಬಂ 'ಸಬ್‌ಕಾನ್ಷಸ್‌ಲಿ'ಗೆ 2022ರಲ್ಲಿ ಗ್ರ್ಯಾಮಿ ಬಂತು. ಅದರಲ್ಲಿನ 'ಡ್ರೈವ್' ಹೊಸಬರಿಗೆ ಹಿತವಾದ ಬಾಗಿಲು. ಅದೇ ನಾಡಿನ ಮಾಸ್ಟರ್ ಕೆಜಿ ಮತ್ತು ನೊಮ್ಸೆಬೊ ಜಿಕೋಡೆ ಅವರ 'ಜೆರುಸಲೇಮಾ' ದೇವರಿಗೆ ಇಟ್ಟ ಮೊರೆ. ಅಂಗೋಲಾದ ಕುಣಿತದ ತಂಡವೊಂದು ಊಟದ ತಟ್ಟೆ ಕೈಯಲ್ಲಿ ಹಿಡಿದೇ ಅದಕ್ಕೆ ಹೆಜ್ಜೆ ಹಾಕಿತು. 2020ರ ಆ ಕಷ್ಟದ ತಿಂಗಳುಗಳಲ್ಲಿ ಆಸ್ಪತ್ರೆಯ ದಾದಿಯರೂ ಮಠದ ಸನ್ಯಾಸಿನಿಯರೂ ಅದೇ ಹೆಜ್ಜೆ ಕಲಿತರು. ಭಾಷೆ ತಿಳಿಯದವರಿಗೂ ಮೊರೆ ತಿಳಿಯಿತು.

ಬೆರಗಿಗೆ ಕಂಡರಿಯದ್ದೇ ಬೇಕೆಂದು ನಾವು ತಿಳಿದಿದ್ದೇವೆ. ಹಾಗಾಗಿ ಒಂದು ಹಾಡನ್ನು ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹಾರುತ್ತೇವೆ. ಹೌಸ್ ಕಲಿಸುವ ಪಾಠ ಬೇರೆ: ಕಂಡದ್ದನ್ನೇ ಬಿಡದೆ ನೋಡುವವನಿಗೆ ಅದು ತನ್ನ ಇನ್ನೊಂದು ಪದರ ಬಿಚ್ಚುತ್ತದೆ. ಆದ್ದರಿಂದ ಸಿಕ್ಕರೆ ಈ ಹಾಡುಗಳ ಎಕ್ಸ್‌ಟೆಂಡೆಡ್ ಮಿಕ್ಸ್ ಎಂಬ ಉದ್ದನೆಯ ರೂಪ ಹುಡುಕಿ, ಎದ್ದು ನಿಂತು ಕೇಳಿ. ಡಿಜೆಗಳು ಒಂದು ಹಾಡಿಗೆ ಇನ್ನೊಂದನ್ನು ಹೆಣೆಯಲೆಂದು ಅದರ ಶುರುವಿನಲ್ಲಿ ಬರೀ ತಾಳ ಇಟ್ಟಿರುತ್ತಾರೆ. ಏನೂ ಆಗುತ್ತಿಲ್ಲ ಅನ್ನಿಸುವ ಆ ಭಾಗವನ್ನು ದಾಟಿಸಬೇಡಿ. ಮುಂದೆ ಬರುವ ಪ್ರತಿ ಸದ್ದನ್ನೂ ಬೆರಗಿನಿಂದ ಕೇಳಲು ಕಿವಿ ಸಜ್ಜಾಗುವುದು ಅಲ್ಲೇ.