18ರಲ್ಲೇ ನಿಂತ 40 ಎಸೆತಗಳು

2008ರ ಜನವರಿ, ಸಿಡ್ನಿ ಟೆಸ್ಟ್. ನಮ್ಮ ರಾಹುಲ್ ದ್ರಾವಿಡ್ 18 ರನ್ನಿಗೆ ಬಂದು ಅಲ್ಲೇ ನಿಂತುಬಿಟ್ಟಿದ್ದರು. ಒಂದಲ್ಲ ಎರಡಲ್ಲ, 40 ಎಸೆತ ಕಳೆದರೂ ರನ್ ಇಲ್ಲ. ಕೊನೆಗೊಂದು ಒಂಟಿ ರನ್ ಸಿಕ್ಕಾಗ ಮೈದಾನಕ್ಕೆ ಮೈದಾನವೇ ಶತಕ ಬಾರಿಸಿದವನಿಗೆ ತಟ್ಟುವಂತೆ ಚಪ್ಪಾಳೆ ತಟ್ಟಿತು. ಗೇಲಿಯ ಚಪ್ಪಾಳೆಯದು. ದ್ರಾವಿಡ್ ಬ್ಯಾಟ್ ಎತ್ತಿ ಅದನ್ನು ಸ್ವೀಕರಿಸಿದರು, ಮತ್ತೆ ಆಡತೊಡಗಿದರು.

ಅದೇ ದ್ರಾವಿಡ್ 2001ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ಕಂಡದ್ದು ಬೇರೆ ಥರ. ಆಟ ಕೈಕೊಟ್ಟಿತ್ತು, ಅವರ ಮೂರನೇ ಕ್ರಮಾಂಕ ಲಕ್ಷ್ಮಣ್‌ಗೆ ಹೋಗಿತ್ತು, ಸುತ್ತ ಟೀಕೆಯೋ ಟೀಕೆ. ಆರನೆಯವರಾಗಿ ಇಳಿದು ಶತಕ ಮುಟ್ಟಿದ ಗಳಿಗೆಯಲ್ಲಿ ಪತ್ರಕರ್ತರು ಕೂತಿದ್ದ ಕಡೆಗೆ ಬ್ಯಾಟ್ ಝಳಪಿಸಿದರು. ಆಮೇಲೆ 180ರವರೆಗೆ ಆಡಿದರು. ಅಂದಿನ ಸಿಟ್ಟನ್ನು ನಾನು ತಪ್ಪೆನ್ನಲಾರೆ. ನೋವು ತಿಂದವನು ಕಲ್ಲಾಗಿರಲಿ ಎಂದು ಬಯಸುವುದೇ ಕ್ರೂರ. ಆದರೆ ಕೋಲ್ಕತ್ತದಲ್ಲಿ ಯಾರಿಗೋ ಉತ್ತರ ಕೊಡಬೇಕಿತ್ತು. ಸಿಡ್ನಿಯಲ್ಲಿ ಯಾರಿಗೂ ಕೊಡಬೇಕಿರಲಿಲ್ಲ. ತನ್ನ ಬೆಲೆ ತನಗೆ ಗೊತ್ತಿರುವವನಿಗೆ ಗೇಲಿಯೂ ಬರೀ ಸದ್ದು ಎಂದು ನನಗನ್ನಿಸುವುದು ಈ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟಾಗ.

ಸಿಡ್ನಿಯದು ನಿಜವಾದ ಸಂಯಮ. ನಾವು ಸಂಯಮ ಎಂದು ಕರೆಯುವುದರಲ್ಲಿ ಬಹುಪಾಲು ಬರೀ ಅಂಜಿಕೆ. ‘ನನಗೆ ಬೇಜಾರಾಯ್ತು’ ಎಂದರೆ ಎದುರಿನವರ ಕಣ್ಣಲ್ಲಿ ಸಣ್ಣವರಾಗಿಬಿಡುತ್ತೇವೆ ಎಂಬ ಅಂಜಿಕೆ. ಹಾಗಾಗಿ ನುಂಗುತ್ತೇವೆ. ನುಂಗಿದ್ದು ಸುಮ್ಮನಿರುವುದಿಲ್ಲ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಹೋಗುತ್ತದೆ.

ಮೊನ್ನೆ ನನ್ನ ಮನೆಯಲ್ಲಿ ಆದದ್ದೂ ಅದೇ. ಮೀಟಿಂಗಿನಲ್ಲಿ ನನಗಿಂತ ಕಿರಿಯನೊಬ್ಬ ನನ್ನ ಲೆಕ್ಕದ ತಪ್ಪನ್ನು ಎಲ್ಲರೆದುರು ತೋರಿಸಿದ್ದ. ತಪ್ಪು ನನ್ನದೇ. ‘ಸರಿ, ತಿದ್ದುತ್ತೇನೆ’ ಎಂದು ನಕ್ಕೆ, ದೊಡ್ಡ ಸಂಯಮಿಯಂತೆ ಮನೆಗೆ ಬಂದೆ. ಮಗಳು ಪೆನ್ಸಿಲ್, ಮೆಂಡರ್ ಹಿಡಿದುಕೊಂಡು ಬಂದು, ‘ಅಪ್ಪ, ಪೆನ್ಸಿಲ್ ಚೂಪು ಮಾಡಿಕೊಡು’ ಎಂದಳು. ಅಷ್ಟಕ್ಕೇ ರೇಗಿದೆ. ಅವಳ ಕೈಯಿಂದ ಕಿತ್ತುಕೊಂಡ ರಭಸಕ್ಕೆ ಪೆನ್ಸಿಲಿನ ಮೊನೆ ಮುರಿಯಿತು. ಅವಳು ಅಳಲಿಲ್ಲ, ತುಟಿ ಬಿಗಿಹಿಡಿದು ನಿಂತಳು. ಆ ತುಟಿ ನೋಡಿ ನನಗೆ ಹೆದರಿಕೆಯಾಯಿತು. ನುಂಗುವುದನ್ನು ಅವಳು ನನ್ನಿಂದಲೇ ಕಲಿಯುತ್ತಿದ್ದಳು.

ಮನಸ್ಸಿಗೆ ಆದದ್ದನ್ನು ಹೆಸರಿಟ್ಟು ಕರೆದರೆ ಅದರ ಕಾವು ಇಳಿಯುತ್ತದೆ ಎಂದು ಹಿರಿಯರು ತಮ್ಮ ಅನುಭವದಿಂದ ಬಲ್ಲರು. ಲಾಸ್ ಏಂಜಲೀಸ್‌ನ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಮಿದುಳಿನ ಸ್ಕ್ಯಾನ್‌ನಲ್ಲೇ ನೋಡಿದರು. ಸಿಟ್ಟಿನ, ಭಯದ ಮುಖಗಳ ಚಿತ್ರ ಕಂಡವರು ಆ ಭಾವಕ್ಕೆ ಹೊಂದುವ ಪದವನ್ನು ಆರಿಸಿದಾಗ, ಭಯ ಬಂದಾಗ ಚುರುಕಾಗುವ ಅಮಿಗ್ಡಾಲ ಎಂಬ ಭಾಗದ ಚಟುವಟಿಕೆ ತಗ್ಗಿತ್ತು. ಒಂದೇ ಒಂದು ಪದ, ಅಷ್ಟೆ. ಆದರೆ ಆ ಪದವನ್ನು ಇನ್ನೊಬ್ಬರೆದುರು ಬಾಯಿಬಿಟ್ಟು ಆಡಲು, ಆಡಿದ ಮೇಲೂ ನಾನು ನಾನಾಗಿಯೇ ಉಳಿಯುತ್ತೇನೆ ಎಂಬ ನಂಬಿಕೆ ಬೇಕು. ಸ್ವಾಭಿಮಾನ ಅಂದರೆ ನನಗೀಗ ಹೊಳೆಯುವುದು ಅದೇ.

ರಾತ್ರಿ ಊಟವಾದ ಮೇಲೆ ಮಗಳ ಪಕ್ಕ ಹೋಗಿ ಕೂತೆ. ‘ಆಫೀಸಲ್ಲಿ ಎಲ್ಲರ ಮುಂದೆ ನನ್ನ ತಪ್ಪು ಹೇಳಿದ್ರು ಪುಟ್ಟಿ. ಅವಮಾನ ಆಯ್ತು. ಅದನ್ನ ನಿನ್ನ ಮೇಲೆ ತೀರಿಸಿಕೊಂಡೆ’ ಎಂದೆ.

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ‘ನಂಗೂ ಕ್ಲಾಸಲ್ಲಿ ಹಂಗಾಗತ್ತೆ’ ಎಂದಳು. ಆಮೇಲೆ ಜಾಮಿಟ್ರಿ ಬಾಕ್ಸ್ ತೆರೆದು ಮೊನೆ ಮುರಿದ ಪೆನ್ಸಿಲನ್ನು ನನ್ನ ಕೈಗಿಟ್ಟಳು.