ಆಯ್ಕೆಯ ಹೊರೆಯನ್ನು ಹೊರತಕ್ಕವರು ಯಾರು?

ಮೇಳಿಗೆಯ ಸುತ್ತಿನ ತೋಟಗಳ ಅಡಿಕೆಯು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆಯಾಗಿಯೇ ಪೇಟೆಗೆ ಹೋಗುತ್ತದೆ. ಬೆಲೆಯು ಈ ಭೇದಗಳ ಮೇಲೆ ನಿಂತಿರುವುದರಿಂದ ಮಾರುವವನಿಗೂ ಕೊಳ್ಳುವವನಿಗೂ ಅವು ತಿಳಿದಿರಲೇಬೇಕು. ಆದರೆ ಊಟವಾದ ಮೇಲೆ ಜಗಲಿಯಲ್ಲಿ ಕುಳಿತ ನೆಂಟನ ಮುಂದೆ ಕವಳದ ತಟ್ಟೆಯನ್ನಿಟ್ಟು, ದರ್ಜೆಯ ಹೆಸರನ್ನು ಹೇಳಿದ ಹೊರತು ಅಡಿಕೆಯಿಲ್ಲವೆನ್ನುವ ಮನೆ ಮಲೆನಾಡಿನಲ್ಲಿ ಸಿಕ್ಕಲಾರದು. ಬಲ್ಲವರ ಭೇದಜ್ಞಾನವನ್ನು ಅರಿಯದವರ ಮೇಲೆ ಹೊರಿಸುವುದು ಎಲ್ಲಿಯವರೆಗೆ ನ್ಯಾಯವೆಂಬ ಈ ಪ್ರಶ್ನೆಯು ಗಣಕಯಂತ್ರದ ವಿಷಯದಲ್ಲಿಯೂ ಎದ್ದಿದೆ.

ಲಿನಕ್ಸ್ ಎಂಬುದು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ. ಅದನ್ನು ಸಿದ್ಧರೂಪದಲ್ಲಿ ಕೊಡುವ ವಿತರಣೆಗಳೇ ಹೆಚ್ಚು. ೨೦೦೨ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದ ಜೆಂಟೂವಿನ ಹಾದಿಯಾದರೋ ಭತ್ತವನ್ನು ಮನೆಯಲ್ಲಿಯೇ ಕುಟ್ಟಿಕೊಳ್ಳುವವರದು. ಅದು ಮೂಲ ಸಂಕೇತವನ್ನು ಕೊಡುತ್ತದೆ. ಒಡೆಯನ ಯಂತ್ರವೇ ಅದನ್ನು ತನಗೆ ತಕ್ಕಂತೆ ಕಟ್ಟಿಕೊಳ್ಳುತ್ತದೆ. ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಚಾಲಕ ತಂತ್ರಾಂಶಗಳಲ್ಲಿ ಯಾವುವು ಬೇಕೆಂಬುದನ್ನು ‘ವೀಡಿಯೋ ಕಾರ್ಡ್ಸ್’ ಎಂಬ ಸಾಲಿನಲ್ಲಿ ಅವನೇ ಬರೆದಿಡಬೇಕು.

ತೊಡಕಿರುವುದು ಇಲ್ಲಿಯೇ. ಎಎಂಡಿಯ ಹೊಸ ಕಾರ್ಡೊಂದಕ್ಕೆ ‘ಎಎಂಡಿಜಿಪಿಯು’, ‘ರೇಡಿಯನ್‌ಎಸ್‌ಐ’ ಎಂದು ಎರಡು ಹೆಸರುಗಳನ್ನು ಬರೆಯಬೇಕಾಗಿ ಬಂದಿತು. ಎರಡನೆಯದನ್ನು ಮರೆತರೂ ಕಟ್ಟುವ ಕೆಲಸವು ತಕರಾರಿಲ್ಲದೆ ಮುಗಿಯುವುದುಂಟು. ಬಳಿಕ ಚಿತ್ರದ ಭಾರವೆಲ್ಲ ಮುಖ್ಯ ಸಂಸ್ಕಾರಕದ ಮೇಲೆ ಬಿದ್ದು ಯಂತ್ರವು ತೆವಳತೊಡಗುತ್ತದೆ. ಇಂಟೆಲ್‌ನ ಕಥೆ ಇನ್ನೂ ವಿಚಿತ್ರ. ಲಿನಕ್ಸಿನ ತಿರುಳಿನಲ್ಲಿ ‘ಐ೯೧೫’ ಎಂಬ ಚಾಲಕವು ಇಂಟೆಲ್‌ನ ಹಲವು ತಲೆಮಾರುಗಳಿಗೆ ಸಲ್ಲುತ್ತದೆ. ಮೆಸಾ ಎಂಬ ಚಿತ್ರಗ್ರಂಥಾಲಯದಲ್ಲಿ ಅದೇ ಹೆಸರು ಬಹಳ ಹಳೆಯದೊಂದು ತಲೆಮಾರಿಗೆ ಮಾತ್ರ. ಒಂದೇ ಮನೆಯಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಹೆಸರಿಟ್ಟಂತೆ! ಜೆಂಟೂವಿನವರು ಕೊನೆಗೆ ‘ಇಂಟೆಲ್’ ಎಂಬ ಒಂದೇ ಹೆಸರಿನಡಿಯಲ್ಲಿ ಐ೯೧೫, ಕ್ರೋಕಸ್, ಐರಿಸ್ ಈ ಮೂರನ್ನೂ ತಂದರು. ಒಡೆಯನು ತನ್ನ ಕಾರ್ಡಿನ ತಯಾರಕನಾರೆಂಬುದನ್ನು ಬಲ್ಲನು. ಅದರ ಒಳಗಿನ ವಂಶಾವಳಿಯನ್ನು ಬಲ್ಲವನಲ್ಲ. ಅವನು ಬಲ್ಲುದನ್ನಷ್ಟೇ ಅವನಲ್ಲಿ ಕೇಳುವುದು ಸೌಜನ್ಯ ಮಾತ್ರವಲ್ಲ, ನ್ಯಾಯವೂ ಹೌದು.

ಆದರೆ ಹೆಸರನ್ನು ಕೂಡಿಸುವುದೆಲ್ಲ ಹೊರೆಯನ್ನು ಇಳಿಸುವುದಲ್ಲ. ಕೆಲವೊಮ್ಮೆ ಹೊರೆಯು ಮತ್ತೊಬ್ಬನ ತಲೆಗೆ ಹೋಗುತ್ತದೆ. ರೇಡಿಯನ್‌ಎಸ್‌ಐ ಚಾಲಕವು ಬಹುಕಾಲ ಎಲ್‌ಎಲ್‌ವಿಎಂ ಎಂಬ ಭಾರಿ ಸಂಕಲನ ಸಾಧನವನ್ನು ನೆಚ್ಚಿಕೊಂಡಿತ್ತು. ಎಎಂಡಿಯ ಹೆಸರುಗಳನ್ನೂ ಹಾಗೆಯೇ ಒಂದಾಗಿಸಿದ್ದರೆ, ಅದಿಲ್ಲದೆಯೇ ಕೆಲಸ ಸಾಗುತ್ತಿದ್ದ ಹಳೆಯ ಕಾರ್ಡಿನವನೂ ತನಗೆ ಬೇಡದ ಆ ಸಾಧನವನ್ನು ಗಂಟೆಗಟ್ಟಲೆ ಕಟ್ಟಬೇಕಾಗುತ್ತಿತ್ತು. ಅದೂ ಅಂಥ ಹೊರೆಗೆ ಅತ್ಯಂತ ಅಸಮರ್ಥವಾದ ಯಂತ್ರದಲ್ಲಿ. ಮಳೆಗಾಲದಲ್ಲಿ ಗಳಿಗೆಗೊಮ್ಮೆ ವಿದ್ಯುತ್ತು ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹೊಸ ಯಂತ್ರವುಳ್ಳವನ ಸೌಕರ್ಯಕ್ಕೆ ಹಳೆಯದರಲ್ಲಿಯೇ ಬಾಳುವವನು ತೆರುವ ಸುಂಕವದು.

ಇದಕ್ಕಿಂತಲೂ ಕಠಿನವಾದದ್ದು ವಸ್ತುವನ್ನೇ ಕೈಬಿಡುವುದು. ೨೦೨೨ರಲ್ಲಿ ಮೆಸಾದ ೨೨.೦ ಆವೃತ್ತಿಯು ಐ೯೬೫, ಆರ್೧೦೦, ಆರ್೨೦೦ ಮೊದಲಾದ ಹಳೆಯ ಬಗೆಯ ಚಾಲಕಗಳನ್ನು ಮುಖ್ಯ ಕವಲಿನಿಂದ ತೆಗೆದುಹಾಕಿತು. ಐ೯೬೫ರ ಕೆಲಸವನ್ನು ಬಹುಮಟ್ಟಿಗೆ ಕ್ರೋಕಸ್, ಐರಿಸ್‌ಗಳು ವಹಿಸಿಕೊಂಡವು; ಆರ್೧೦೦, ಆರ್೨೦೦ಗಳಿಗೆ ಅಂಥ ಉತ್ತರಾಧಿಕಾರಿಗಳಿರಲಿಲ್ಲ. ಇದನ್ನು ಕ್ರೌರ್ಯವೆನ್ನುವುದು ಸುಲಭ. ಪರೀಕ್ಷಿಸುವ ಕೈಗಳಿಲ್ಲದ ಸಂಕೇತವು ನಡೆಯುತ್ತದೆಂದು ಹೇಳುತ್ತ ಹೋಗುವುದು, ಸೂರು ಸೋರುವ ಮನೆಯನ್ನು ವಾಸಯೋಗ್ಯವೆಂದು ಬಾಡಿಗೆಗೆ ಕೊಟ್ಟಂತೆಯೇ ಸರಿ. ಮೆಸಾದವರು ಆ ಚಾಲಕಗಳನ್ನು ‘ಆಂಬರ್’ ಎಂಬ ಪ್ರತ್ಯೇಕ ಕವಲಿನಲ್ಲಿ ಉಳಿಸಿ, ಹಾಗೆ ಮಾಡಿದುದನ್ನು ಬಹಿರಂಗವಾಗಿ ಸಾರಿದರು. ಬಿಟ್ಟುದಕ್ಕಿಂತ, ಬಿಟ್ಟ ರೀತಿಯು ಇಲ್ಲಿ ಗಣನೀಯ. ಆಯ್ಕೆಯ ಪಟ್ಟಿಯಿಂದ ಹೆಸರೊಂದು ಸದ್ದಿಲ್ಲದೆ ಮಾಯವಾದರೆ, ತಪ್ಪು ತನ್ನದೋ ಯಂತ್ರದ್ದೋ ಎಂದು ತಿಳಿಯದೆ ಒಡೆಯನು ಇರುಳೆಲ್ಲ ತಡಕಾಡಬೇಕಾಗುತ್ತದೆ.

೨೦೨೩ರ ಡಿಸೆಂಬರಿನಲ್ಲಿ ಜೆಂಟೂ ಸಿದ್ಧವಾಗಿ ಕಟ್ಟಿದ ತಂತ್ರಾಂಶಗಳನ್ನೂ ವಿಪುಲವಾಗಿ ಒದಗಿಸತೊಡಗಿತು. ಇದರಿಂದ ವ್ರತ ಕೆಟ್ಟಿತೆಂದು ಮೂಗು ಮುರಿಯುವವರು ಇರಬಹುದು. ಆದರೆ ಒರಳನ್ನು ಯಾರೂ ಹೊರಗೆ ಎಸೆದಿಲ್ಲ. ಅಕ್ಕಿಯೂ ಸಿಗುತ್ತದೆಂದರು, ಅಷ್ಟೆ. ಬೇಕಾದವನು ತನ್ನ ಕಾರ್ಡಿಗೆ ಒಪ್ಪುವ ಹೆಸರನ್ನು ಹುಡುಕಿ ಬರೆದು, ಈಗಲೂ ತಾನೇ ಕುಟ್ಟಿಕೊಳ್ಳಬಹುದು.