ಕುಂಬಾರನ ಮನೆಯ ಒಂದು ರಾತ್ರಿ



ಭಾನುವಾರ ಬುದ್ಧವಂದನೆ ಮುಗಿದ ಮೇಲೆ ನಮ್ಮ ಬಳಗದ ಅಕ್ಕ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ಮಗಳು ಓದೋಕೆ ಇಂಗ್ಲೆಂಡಿಗೆ ಹೊರಟಿದ್ದಾಳೆ. ಮೊದಲ ತಿಂಗಳು ಅಲ್ಲಿಯವರದೇ ಒಂದು ಮನೇಲಿ ಇರಬೇಕಂತೆ. ಗುರುತಿಲ್ಲ, ಪರಿಚಯವಿಲ್ಲ. ನೀವು ಯಾವ ಜನ ಅಂತ ಅವರು ಕೇಳಿದರೆ ಇವಳು ಏನು ಹೇಳಬೇಕು?"

ತಕ್ಷಣಕ್ಕೆ ಉತ್ತರ ತೋಚಲಿಲ್ಲ. ಮನೆಗೆ ಬಂದು ಮಜ್ಝಿಮ ನಿಕಾಯದ ಧಾತುವಿಭಂಗ ಸುತ್ತವನ್ನು ಓದಿದೆ.

ಭಗವಾನ್ ಬುದ್ಧರು ಮಗಧದಲ್ಲಿ ಸಂಚರಿಸುತ್ತಾ ರಾಜಗೃಹಕ್ಕೆ ಬಂದರು. ಭಗ್ಗವ ಎಂಬ ಕುಂಬಾರನ ಬಳಿ ಹೋಗಿ, ನಿನಗೆ ತೊಂದರೆಯಾಗದಿದ್ದರೆ ನಿನ್ನ ಕುಂಬಾರಶಾಲೆಯಲ್ಲಿ ಒಂದು ರಾತ್ರಿ ಇರುತ್ತೇನೆ ಎಂದು ಕೇಳಿದರು. ನನಗೇನೂ ತೊಂದರೆಯಿಲ್ಲ, ಆದರೆ ಒಳಗೆ ಆಗಲೇ ಒಬ್ಬ ಪ್ರವ್ರಜಿತ ಇದ್ದಾನೆ, ಅವನು ಒಪ್ಪಿದರೆ ಸುಖವಾಗಿ ಇರಿ ಎಂದ ಕುಂಬಾರ. ಒಳಗಿದ್ದವನು ಪುಕ್ಕುಸಾತಿ. ಅವನು ದೂರದ ತಕ್ಷಶಿಲೆಯಿಂದ ಬಂದವನೆಂದು ಅಟ್ಠಕಥೆ ಹೇಳುತ್ತದೆ. ಜಾಗ ವಿಶಾಲವಾಗಿದೆ, ಬನ್ನಿ ಎಂದ. ಬುದ್ಧರು ಒಂದು ಬದಿಗೆ ಹುಲ್ಲು ಹಾಸಿಕೊಂಡು ಕುಳಿತರು. ಇವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅದೇ ರಾತ್ರಿ ಅವನಿಗೆ ಧಮ್ಮ ದೊರೆಯಿತು.

ಗಮನಿಸಿ, ಅಲ್ಲಿ ಯಾರೂ ಜಾತಿ ಕೇಳಲಿಲ್ಲ. ಅತಿಥಿ ಕೇಳಿದ್ದು ಅಪ್ಪಣೆ. ಮನೆಯವನು ಕೇಳಿದ್ದು ಮೊದಲೇ ಇದ್ದವನ ಒಪ್ಪಿಗೆ.

ಇನ್ನು ಬಾಬಾಸಾಹೇಬರ ಬದುಕು ನೋಡಿ. 1913ರಲ್ಲಿ ಓದಲು ನ್ಯೂಯಾರ್ಕಿಗೆ ಹೋದರು. ಅಲ್ಲಿ ಅವರೊಂದಿಗೆ ಕೋಣೆ ಹಂಚಿಕೊಂಡ ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯ ಜೀವನವಿಡೀ ಜೊತೆ ನಿಂತ. 1917ರಲ್ಲಿ ಸ್ವದೇಶಕ್ಕೆ ಮರಳಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಮಾತ್ರ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. 11ನೆಯ ದಿನ ದೊಣ್ಣೆ ಹಿಡಿದು ಬಂದ ಗುಂಪು ಸಂಜೆಯೊಳಗೆ ಖಾಲಿ ಮಾಡುವಂತೆ ಬೆದರಿಸಿತು. ಇಬ್ಬರು ಸ್ನೇಹಿತರನ್ನು ಕೇಳಿದರು. ಇಬ್ಬರೂ ನೆಪ ಹೇಳಿದರು. ರಾತ್ರಿಯ ರೈಲು ಬರುವವರೆಗೆ ಬಾಬಾಸಾಹೇಬರು ಉದ್ಯಾನದಲ್ಲಿ ದುಃಖದಿಂದ ಕುಳಿತಿದ್ದರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ.

ಆದ್ದರಿಂದ ಆ ತಂಗಿಗೆ ನಾನು ಹೇಳುವುದಿಷ್ಟು. ತಾಯೀ, ಧೈರ್ಯವಾಗಿ ಹೋಗು. ಯಾರಾದರೂ ಕೇಳಿದರೆ ನಾನು ಬೌದ್ಧಳು, ಬಾಬಾಸಾಹೇಬರ ಮಗಳು ಎಂದು ತಲೆಯೆತ್ತಿ ಹೇಳು. ಬೇರೆ ಹೆಸರು ಬರೆಸಿ ಬದುಕುವ ಕಷ್ಟವನ್ನು ಅವರು ನಮಗಾಗಿ ಉಂಡು ಮುಗಿಸಿದ್ದಾರೆ. ಆ ಮನೆಯಲ್ಲಿ ಬುದ್ಧರಂತೆ ಇರು. ಕೇಳಿ ತೆಗೆದುಕೋ, ಬೇಕಾದಷ್ಟೇ ಜಾಗ ಹಿಡಿ, ಅವರ ನಿದ್ದೆಯ ಹೊತ್ತಿಗೆ ಸದ್ದು ಮಾಡಬೇಡ, ಉಂಡ ತಟ್ಟೆ ನೀನೇ ತೊಳೆ. ಊಟದಲ್ಲಿ ಒಗ್ಗದ್ದಿದ್ದರೆ ನಗುತ್ತಾ ಹೇಳು. ಬೆದರಿಕೆ, ಅವಮಾನ ಕಂಡರೆ ಮಾತ್ರ ಸಹಿಸಿಕೊಂಡು ಕೂರಬೇಡ. ಕಾಲೇಜಿಗೂ ನಮಗೂ ಅಂದೇ ತಿಳಿಸು.

ಇನ್ನು ಊರಲ್ಲಿ ಉಳಿಯುವ ನಮಗೆ ಒಂದು ಮಾತು. ಮಗಳನ್ನು ಪರದೇಶದ ಮನೆಯವರು ಜಾತಿ ಕೇಳದೆ ಒಳಗೆ ಕರೆಯಲಿ ಎಂದು ಬಯಸುತ್ತೇವೆ. ನಮ್ಮ ಮನೆ ಬಾಡಿಗೆಗೆ ಕೇಳಿಕೊಂಡು ಬಂದವರನ್ನು "ನೀವು ಎಡಗೈಯವರೋ ಬಲಗೈಯವರೋ" ಎಂದು ನಾವು ಕೇಳಿದ್ದಿಲ್ಲವೇ? ನಮ್ಮ ಮನೆಯಲ್ಲೇ ಹಿಂದೆ ಈ ಪ್ರಶ್ನೆ ಕೇಳಿದ್ದುಂಟು. ನಾನು ಸುಮ್ಮನಿದ್ದೆ. ಅದು ಈಗಲೂ ಚುಚ್ಚುತ್ತದೆ. ವಸತಿ ಕೊಟ್ಟವನು ಎಲ್ಲವನ್ನೂ ಕೊಟ್ಟಂತೆ ಎಂಬುದು ಬುದ್ಧರ ಮಾತಿನ ಸಾರ.

ಇಂದಿನ ಸಂಕಲ್ಪ: ಬಾಗಿಲಿಗೆ ಬಂದವರನ್ನು ಹಸಿವೆಯೇ, ದಣಿವೇ ಎಂದಷ್ಟೇ ಕೇಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.